ಸೋಂಕಿಲ್ಲದ ಸೀಸೆಗಳು

ಕೊಮೊದೊರೊ ರಿವಾದಾವಿಯಾ
9 ಏಪ್ರಿಲ್ 1989

ಪ್ರಿಯ ಎರ್ಸಿಲಿಯಾ,

ಈಗ ರಾತ್ರಿ ಮೂರೂ ಕಾಲು. ಎಣ್ಣೆಬಾವಿಯ ಪಾಳಿಯವರನ್ನು ಹೊತ್ತೊಯ್ಯುವ ಲಾರಿ ಬೀದಿಮೂಲೆಯಲ್ಲಿ ನಿಂತು ಹಾರ್ನ್ ಒತ್ತಿತು. ಮೊದಲು ಸಣ್ಣಗೆ, ಯಾರೋ ಇನ್ನೂ ಬಂದಿಲ್ಲವೆಂದು ಆಮೇಲೆ ಉದ್ದಕ್ಕೆ. ನಾನು ಎದ್ದು ಕುಳಿತೆ, ಮಗು ಏಳಲಿಲ್ಲ. ಅಷ್ಟು ಜೋರು ಸದ್ದಿಗೂ ಅವನು ಯಾಕೆ ಏಳಲಿಲ್ಲ ಎಂಬ ಚಿಂತೆ ಹತ್ತಿತು. ಮೂಗಿನ ಮುಂದೆ ಬೆರಳು ಹಿಡಿದು ನೋಡಿದೆ. ಉಸಿರು ಇತ್ತು. ಇದ್ದೇ ಇರುತ್ತದೆಂದು ಗೊತ್ತಿದ್ದೂ ನೋಡುತ್ತೇನೆ. ಇನ್ನು ಮಲಗಿದರೂ ನಿದ್ದೆ ಹತ್ತುವುದಿಲ್ಲ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಅಕ್ಷರ ನೋಡಿ ಬಯ್ಯಬೇಡ.

ನಿನ್ನ ಮಾರ್ಚ್ ತಿಂಗಳ ಕಾಗದ ಮೊನ್ನೆ ಬಂತು. ನಮ್ಮ ಲ್ಯಾಬಿನ ಫೋನು ಸತ್ತಿದೆ ಎಂದು ಈಗ ತಿಳಿಯಿತು. ಔಷಧಿ ಅಂಗಡಿಯಿಂದ ಎರಡು ಸಲ ಮಾಡಿದ್ದೆ. ಅತ್ತ ಕಡೆ ಬರೀ ಗುಂಯ್ ಎನ್ನುವ ಸದ್ದು ಕೇಳಿ, ನಿನಗೆ ನನ್ನ ಮೇಲೆ ಕೋಪ ಬಂದಿದೆಯೇನೋ ಎಂದುಕೊಂಡಿದ್ದೆ. ನಿದ್ದೆಗೆಟ್ಟ ತಲೆಗೆ ಹಗ್ಗವೆಲ್ಲ ಹಾವೇ.

ಲೌತಾರೊಗೆ ಎರಡು ತಿಂಗಳಾಯಿತು, ಚೆನ್ನಾಗಿದ್ದಾನೆ. ತೂಕ ನಿಧಾನಕ್ಕೆ ಏರುತ್ತಿದೆ. ದಾರ್ದೊ ತಿಂಗಳಲ್ಲಿ ಅರ್ಧ ಬಾವಿಯ ಬಳಿ ಇರುತ್ತಾನೆ, ಉಳಿದರ್ಧ ಮನೆಯಲ್ಲಿ ಮಲಗಿರುತ್ತಾನೆ. ಎಚ್ಚರವಿದ್ದಾಗ ಮಗನ ಹೊಟ್ಟೆಯ ಮೇಲೆ ತಬಲ ಬಾರಿಸಿ, "ನೋಡೇ ನೊಯೆಮಿ, ನಮ್ಮಪ್ಪಂದೇ ಹೊಟ್ಟೆ. ವೈನು ಕುಡೀದೇನೇ ಬಂದ್ಬಿಟ್ಟಿದೆ" ಎಂದು ನಗುತ್ತಾನೆ. ನಾನೂ ನಗುತ್ತೇನೆ. ಇಲ್ಲಿ ಮಾತಾಡಲು ಇರುವವಳು ಪಕ್ಕದ ಮನೆಯ ಡೆಲ್ಮಿರಾ ಒಬ್ಬಳೇ, ಶಾಲೆಯಲ್ಲಿ ವಿಜ್ಞಾನ ಹೇಳುತ್ತಾಳೆ. ಉಳಿದಂತೆ ಗಾಳಿ. ಅದು ಮಾತಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ.

ನಿಜ ಹೇಳಲೇ? ಗಂಡನಿಗಿಂತ, ತವರಿಗಿಂತ ನನಗೆ ಲ್ಯಾಬಿನ ಆ ಸೀಸೆಗಳ ನೆನಪು ಹೆಚ್ಚು. ಇಲಿಮರಿಯ ಹೃದಯದ ಜೀವಕೋಶಗಳು ಸೀಸೆಯ ತಳಕ್ಕೆ ಅಂಟಿಕೊಂಡು, ಮೊದಲು ಒಂದೊಂದೇ ಬೇರೆ ಬೇರೆಯಾಗಿ ಮಿಡಿದು, ಒಂದು ದಿನ ಬೆಳಿಗ್ಗೆ ಬಂದು ನೋಡಿದರೆ ಎಲ್ಲವೂ ಒಟ್ಟಿಗೆ ಮಿಡಿಯುತ್ತಿರುತ್ತಿದ್ದವಲ್ಲ. ಅವುಗಳಲ್ಲಿ ಅರ್ಧಕ್ಕೆ ಚಾಗಸ್ ರೋಗದ ಪರೋಪಜೀವಿಯನ್ನು ಬಿಡುವ ದಿನ ನನಗೆ ಊಟ ಸೇರುತ್ತಿರಲಿಲ್ಲ. ನೀನು ಆಡಿಕೊಳ್ಳುತ್ತಿದ್ದೆ: "ಇಲಿಗೂ ಅಳ್ತೀಯಲ್ಲೇ, ನಾಳೆ ಮಕ್ಕಳಾದ್ರೆ ಏನ್ಮಾಡ್ತೀಯಾ?"

ಏನು ಮಾಡುತ್ತೇನೆಂದು ಈಗ ಗೊತ್ತಾಯಿತು. ಎದ್ದು ಕೂರುತ್ತೇನೆ.

ನಾವು ಫೆಬ್ರವರಿಯಲ್ಲಿ ಶುರುಮಾಡಿದ ಸೀಸೆಗಳು ಏನಾದವು? ಸೋಂಕು ತಗಲಿದ ಕೋಶಗಳಲ್ಲಿ ಕಿಣ್ವ ಇಳಿಯಿತೇ? ಬರೆ. ಪೂರ್ತಿ ಬರೆ. ಅಂಕಿಗಳನ್ನು ಓದಿದರೆ ನನಗೆ ಸ್ವಲ್ಪ ಸಮಾಧಾನ.

ನಿನ್ನ
ನೊಯೆಮಿ


ಕೊರ್ದೊಬಾ
21 ಏಪ್ರಿಲ್ 1989

ಮರೀ ನೊಯೆಮಿ,

ಮಗು ಮಲಗಿದಾಗ ಮಲಗು. ಇದು ಮದುವೆಯಾಗದ ಮುದುಕಿಯ ಉಪದೇಶ, ಆದ್ದರಿಂದ ಬಿಟ್ಟಿ. ಪಾಲಿಸದಿದ್ದರೆ ನಷ್ಟವಿಲ್ಲ.

ಇಲ್ಲಿ ಎಲ್ಲವೂ ಬಿಟ್ಟಿಯೇ, ಯಾಕೆಂದರೆ ಕೊಳ್ಳಲು ಏನೂ ಸಿಗುವುದಿಲ್ಲ. ಕೋಶಗಳಿಗೆ ಉಣಿಸುವ ಕರುವಿನ ಸೀರಂ ಹೊರದೇಶದಿಂದ ಬರುವುದು ನಿಂತೇ ಹೋಯಿತು. ಶೋಧಿಸುವ ಹಾಳೆಗಳನ್ನು ತೊಳೆದು, ಒಣಗಿಸಿ, ಮತ್ತೆ ತೊಳೆದು ಬಳಸುತ್ತಿದ್ದೇನೆ. ಈಗ ಅವು ನನ್ನ ಹಳೇ ಕಾಲುಚೀಲದ ಹಾಗಾಗಿವೆ. ನಿನ್ನ ಹೆರಿಗೆಯಲ್ಲಿ ಹೊಕ್ಕುಳಬಳ್ಳಿಯ ರಕ್ತ ಹಿಡಿದುಕೊಳ್ಳದೆ ಹೋಗಿದ್ದರೆ ಫೆಬ್ರವರಿಯ ಕೋಶಗಳಿಗೆ ತಿನ್ನಲು ಏನೂ ಇರುತ್ತಿರಲಿಲ್ಲ. ಆ ಸೂಲಗಿತ್ತಿಯ ಮುಖ ನೆನಪಿದೆಯೇ? "ಮಗು ನೋಡೋಕ್ ಬಂದ್ಯೋ, ರಕ್ತ ಕದಿಯೋಕ್ ಬಂದ್ಯೋ ತಾಯಿ?" "ಎರಡಕ್ಕೂ" ಅಂದೆ ನಾನು. ಆಫೀಸಿನ ಮಿರ್ತಾಳ ಹೆರಿಗೆಯಲ್ಲೂ ಸೀಸೆ ಹಿಡಿದು ನಿಂತಿದ್ದೆ. ನಮ್ಮಲ್ಲಿ ಹೆಣ್ಣುಮಕ್ಕಳು ಬಸುರಾದರೆ ಮೊದಲು ಖುಷಿಪಡುವುದು ಸೀಸೆಯೊಳಗಿನ ಇಲಿ. ನಿನ್ನ ಮಗನಿಗೆ ಇಲ್ಲಿ ಎಲ್ಲರೂ "ನಮ್ಮ ಕರು" ಅಂತಲೇ ಹೇಳುವುದು. "ಕರು ಹೇಗಿದ್ದಾನಂತೆ?" ಎಂದು ಲ್ಯಾಬಿನ ಮುಖ್ಯಸ್ಥರು ಡಾಕ್ಟರ್ ಸಮೂದಿಯೊ ಕೂಡ ಕೇಳಿದರು. ಅವರು ಮನುಷ್ಯರ ಬಗ್ಗೆ ಕೇಳುವುದೇ ಅಪರೂಪ.

ಇನ್ನು ನೀನು ಕೇಳಿದ್ದು. ಸೋಂಕಿನ ಸೀಸೆಗಳಲ್ಲಿ ನಾವು ಊಹಿಸಿದಂತೆಯೇ ಆಯಿತು. ಪರೋಪಜೀವಿ ಒಳಹೊಕ್ಕು ಮರಿಹಾಕುತ್ತಾ ಹೋದಂತೆ ಹೃದಯದ ಕೋಶದೊಳಗಿನ ಕ್ರಿಯೇಟಿನ್ ಕೈನೇಸ್ ಕಿಣ್ವ ಕುಸಿಯಿತು. ಮನೆಯ ಗೋಡೆ ತೂತಾದರೆ ಕಾಳು ಸೋರುವ ಹಾಗೆ ಕಿಣ್ವ ಹೊರಗಿನ ರಸಕ್ಕೆ ಸೋರಿತು. ಚಂದದ ಇಳಿಜಾರು, ನೋಡಿದರೆ ನಿನಗೂ ಹೊಟ್ಟೆ ತುಂಬುತ್ತಿತ್ತು.

ಆದರೆ ಒಂದು ಗೋಳು. ಸೋಂಕಿಲ್ಲದ ಸೀಸೆಗಳಲ್ಲೂ ಕೆಲವು ಇಳಿದಿವೆ. ಅಷ್ಟು ಕೆಳಗಲ್ಲ, ಆದರೆ ಇಳಿಯಲೇಬಾರದಿತ್ತು. ಅವುಗಳಿಗೆ ನಾವು ಏನೂ ಮಾಡಿಲ್ಲ, ಊಟ ಹಾಕಿದ್ದಷ್ಟೇ. ಸಮೂದಿಯೊ ಹೇಳುತ್ತಾರೆ: "ಕರೆಂಟ್ ಹೋದಾಗ ಕಾವು ಪೆಟ್ಟಿಗೆ ತಣ್ಣಗಾಗಿದೆ ಎರ್ಸಿಲಿಯಾ, ಆ ಸೀಸೆಗಳನ್ನ ಲೆಕ್ಕದಿಂದ ಬಿಟ್ಟಾಕಿ. ಯಾರು ಕೇಳ್ತಾರೆ?" ನಾನೇ ಕೇಳುತ್ತೇನಲ್ಲ. ನಿನಗೇನಾದರೂ ಹೊಳೆದರೆ ಹೇಳು. ತೊಳೆಯುವುದರಲ್ಲಿ ನಿನ್ನಷ್ಟು ಕಾಟ ಕೊಡುವವರು ಇನ್ನೊಬ್ಬರಿಲ್ಲ.

ಕರುವಿಗೆ ಮುತ್ತು.
ಎರ್ಸಿಲಿಯಾ


ಕೊಮೊದೊರೊ ರಿವಾದಾವಿಯಾ
3 ಮೇ 1989

ಪ್ರಿಯ ಎರ್ಸಿಲಿಯಾ,

ನಿನ್ನ ಕಾಗದವನ್ನು ಒಲೆಯ ಮುಂದೆ ನಿಂತು ಓದಿದೆ, ಹಾಲು ಉಕ್ಕಿಹೋಯಿತು. ಎಷ್ಟೋ ದಿನಗಳ ನಂತರ ನನ್ನ ತಲೆ ಮಗುವನ್ನು ಬಿಟ್ಟು ಬೇರೆಯದನ್ನು ಯೋಚಿಸಿತು. ಅದಕ್ಕೆ ನಿನಗೆ ಋಣಿ.

ಕರೆಂಟು ಹೋದದ್ದೇ ಕಾರಣವಾದರೆ ಒಂದೇ ತಟ್ಟೆಯಲ್ಲಿದ್ದ ಸೀಸೆಗಳೆಲ್ಲ ಒಟ್ಟಿಗೆ ಇಳಿಯಬೇಕಿತ್ತು. ಕೆಲವು ಮಾತ್ರ ಇಳಿದವು ಎನ್ನುತ್ತೀಯ. ಹಾಗಿದ್ದರೆ ತೊಳೆದ ಸಾಬೂನು ಉಳಿದಿರಬಹುದು. ಕಡೆಯ ನೀರನ್ನು ಎರಡು ಸಲ ಹಾಯಿಸಿದಿರಾ? ಸೀಸೆ ತೊಳೆಯುವ ಆ ಹೊಸ ಹುಡುಗಿ ಒಂದೇ ಸಲ ಹಾಯಿಸುತ್ತಾಳೆ, ನಾನು ಅಲ್ಲಿಂದ ಹೊರಡುವ ಮುಂಚೆಯೇ ಅವಳನ್ನು ಎರಡು ಸಲ ಹಿಡಿದಿದ್ದೆ. ರಬ್ಬರ್ ಬಿರಡೆ ಹಳತಾಗಿದ್ದರೂ ವಿಷ ಬಿಡುತ್ತದೆ. ಇವೆರಡನ್ನೂ ನೋಡು. ಸೀಸೆಯೊಳಗಿಟ್ಟ, ಕೋಶ ಅಂಟಿದ ಗಾಜುಚೂರುಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೀಯಾ?

ಲೌತಾರೊ ಬೆಳ್ಳಗಾಗಿದ್ದಾನೆ. ನನ್ನ ತವರು ಸಾಂತಿಯಾಗೊದ ಬಿಸಿಲಿನ ಬಣ್ಣ ಇಲ್ಲಿ ಎಲ್ಲಿಂದ ಬರಬೇಕು, ನಾನೂ ಬಿಳಿಚಿಕೊಂಡಿದ್ದೇನೆ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಡಾಕ್ಟರ್ ಫಿಸ್ಟರ್ ಬಳಿ ಕರೆದೊಯ್ದೆ. ದೊಡ್ಡ ಕೈಗಳ, ಒಳ್ಳೆಯ ಮನುಷ್ಯ. ನಾನು ಕೂರುವ ಮೊದಲೇ, "ನಿದ್ದೆ ಮಾಡಿ ಎಷ್ಟು ದಿನ ಆಯ್ತು ಸೆನ್ಯೋರಾ?" ಎಂದರು.

"ನನಗಲ್ಲ ಡಾಕ್ಟರ್, ಮಗುವಿಗೆ ತೋರಿಸೋಕೆ ಬಂದಿದ್ದು."

"ಗೊತ್ತು. ಆದ್ರೆ ರೋಗಿ ನೀವೇ ಅನ್ನಿಸ್ತಿದೆ."

"ಹೊಟ್ಟೆ ಗಟ್ಟಿಯಾಗಿದೆ. ಎಡಗಡೆ ಕೈಗೆ ಸಿಗುತ್ತೆ."

"ನೀವು ದಾದಿನಾ?"

"ಜೀವರಸಾಯನ ಓದಿದೀನಿ."

"ಅಯ್ಯೋ! ಅದಕ್ಕೇ ನಿದ್ದೆ ಇಲ್ಲ" ಎಂದು ನಕ್ಕರು. ಕಬ್ಬಿಣದ ಹನಿ ಬರೆದುಕೊಟ್ಟರು. ಬಾಗಿಲವರೆಗೆ ಬಂದು ಮಗುವಿನ ಟೋಪಿ ಸರಿಮಾಡಿದರು. ಹೀಗೆ ಮಾಡುವವರನ್ನು ಬಯ್ಯುವುದು ಹೇಗೆ?

ಸಂಜೆ ಹೊತ್ತು ಮೈ ಸ್ವಲ್ಪ ಬೆಚ್ಚಗೆ. ಬಿಡು, ಹೆಚ್ಚು ಬಟ್ಟೆ ಹೊದೆಸುತ್ತೇನೆ, ಅದಕ್ಕಿರಬೇಕು.

ಸಾಬೂನಿನ ವಿಷಯ ಮರೆಯಬೇಡ.

ನೊಯೆಮಿ


ಕೊರ್ದೊಬಾ
17 ಮೇ 1989

ಮರೀ,

ಸಾಬೂನು ಅಲ್ಲ. ಬಿರಡೆಯೂ ಅಲ್ಲ. ನಿನ್ನ ಮಾತು ಕೇಳಿ ಎಲ್ಲ ಸೀಸೆಗಳನ್ನೂ ಮತ್ತೆ ತೊಳೆಸಿದೆ. ಆ ಹುಡುಗಿ ಈಗ ನಿನ್ನ ಹೆಸರು ಹೇಳಿದರೆ ಮೂಗು ಮುರಿಯುತ್ತಾಳೆ. "ಅಲ್ಲಿ ದಕ್ಷಿಣದ ತುದೀಲಿ ಕೂತ್ಕೊಂಡೂ ನನ್ ಕೈಲಿ ಪಾತ್ರೆ ತೊಳಸ್ತಾಳಲ್ಲ ಆ ಯಮ್ಮ!"

ಹೊಸ ಇಲಿಮರಿಗಳಿಂದ ಮತ್ತೊಮ್ಮೆ ಬೆಳೆಸಿದೆ. ಈ ಸಲ ಬೇಡಿ ತಂದ ಬೇರೆ ಸೀರಂ. ಸೋಂಕಿಲ್ಲದವು ಒಂದೂ ಇಳಿಯಲಿಲ್ಲ. ಅಂದರೆ ತಪ್ಪು ಫೆಬ್ರವರಿಯಲ್ಲೇ ಆಗಿದೆ, ಮುಗಿದುಹೋಗಿದೆ. ಸಮೂದಿಯೊಗೆ ಖುಷಿ. ನನಗಿಲ್ಲ. ಫೆಬ್ರವರಿಯ ಗಾಜುಚೂರುಗಳು ಸ್ಪಿರಿಟ್ಟಿನಲ್ಲಿ ಹಾಗೆಯೇ ಇವೆ, ಬಣ್ಣ ಹಾಕಿ ನೋಡಿಲ್ಲ. ಬಣ್ಣ ಮುಗಿದಿದೆ, ಇದ್ದ ಒಂದು ತೊಟ್ಟನ್ನು ಸೋಂಕಿನವುಗಳಿಗೆ ಬಳಸಿದೆವು. ಸೋಂಕಿಲ್ಲದವನ್ನು ನೋಡಿ ಬಣ್ಣ ಯಾಕೆ ಹಾಳುಮಾಡಬೇಕು ಎಂದು ನಾನೇ ಹೇಳಿದ್ದೆ.

ಮಗು ಬಿಳಿಚಿದ್ದಕ್ಕೆ ಕಬ್ಬಿಣ ಸರಿಯಾದ ಮದ್ದೇ. ನೀನು ಪಾಲಕ್ ಸೂಪು ಕುಡಿ. ಮೈ ಬೆಚ್ಚಗಿರುವುದಕ್ಕೆ ಕಂಬಳಿ ತೆಗೆ. ಚೊಚ್ಚಲ ತಾಯಂದಿರೆಲ್ಲ ಮಕ್ಕಳನ್ನು ರೊಟ್ಟಿಯ ಹಾಗೆ ಬೇಯಿಸುತ್ತಾರೆ.

ಕಾಗದ ಚಿಕ್ಕದಾಯಿತು. ಬಲಗೈ ಸ್ವಲ್ಪ ನೋಯುತ್ತಿದೆ, ಅಷ್ಟೇ.

ಎರ್ಸಿಲಿಯಾ


ಕೊಮೊದೊರೊ ರಿವಾದಾವಿಯಾ
29 ಮೇ 1989

ಎರ್ಸಿಲಿಯಾ,

ಕೈಗೆ ಏನಾಗಿದೆ? ನಿನಗೆ ನೋವಾದರೆ ನಾಲ್ಕು ಪುಟ ಗೊಣಗುವವಳು, ಒಂದೇ ಸಾಲು ಬರೆದಿದ್ದೀಯ.

ನಾನೂ ಚಿಕ್ಕದಾಗೇ ಬರೆಯುತ್ತೇನೆ. ಇಲ್ಲಿ ಹಿಮ ಬೀಳಲಿಲ್ಲ, ಬರೀ ಚಳಿ. ದಾರ್ದೊ ಬಾವಿಯ ಬಳಿ ಇದ್ದಾನೆ. ಲೌತಾರೊ ಮೊಲೆ ಬಾಯಿಗಿಟ್ಟರೆ ಎರಡು ಗುಟುಕಿಗೆ ಸುಸ್ತಾಗಿ ಬಿಡುತ್ತಾನೆ, ಹಣೆಯಲ್ಲಿ ಬೆವರು. ಡೆಲ್ಮಿರಾ, "ಹಲ್ಲು ಬರೋ ಹೊತ್ತು ಕಣೇ" ಎಂದಳು. ಇರಬಹುದು.

ನಿನ್ನ ಅಂಕಿಗಳನ್ನು ಮತ್ತೆ ಓದುತ್ತಾ ಕೂತಿದ್ದೆ. ಅವೇ ನನಗೆ ಕತೆ ಪುಸ್ತಕ. ಬಣ್ಣ ಸಿಕ್ಕಿತೇ? ಬೇಗ ಬರೆ.

ನೊ.


ಕೊರ್ದೊಬಾ
6 ಜೂನ್ 1989

ನೊಯೆಮಿ,

ಈ ಕಾಗದವನ್ನು ಓದಿ ಒಲೆಗೆ ಹಾಕು.

ಬಣ್ಣ ಸಿಕ್ಕಿತು, ಪಕ್ಕದ ವಿಭಾಗದವರು ಒಂದು ಸೀಸೆ ಕೊಟ್ಟರು. ನಿನ್ನೆ ಎಲ್ಲರೂ ಹೋದ ಮೇಲೆ ಫೆಬ್ರವರಿಯ ಗಾಜುಚೂರುಗಳನ್ನು ನೋಡಿದೆ. ಸೋಂಕಿಲ್ಲದವು. ನೊಯೆಮಿ, ಅವುಗಳೊಳಗೆ ಗೂಡುಗಳಿವೆ. ಕೋಶದ ಹೊಟ್ಟೆಯಲ್ಲಿ ಗುಂಡಗೆ, ಮೊಟ್ಟೆಯಿಟ್ಟ ಹಾಗೆ, ನಮ್ಮದೇ ಪರೋಪಜೀವಿ. ಅದಕ್ಕೇ ಕಿಣ್ವ ಇಳಿದದ್ದು. ಕರೆಂಟು, ಸಾಬೂನು ಯಾವುದೂ ಅಲ್ಲ, ಸೋಂಕೇ.

ಅವುಗಳಿಗೆ ನಾವು ಸೋಂಕು ಹಾಕಿರಲಿಲ್ಲ. ಹಾಗಾದರೆ ಹಾಕಿದವಳು ನಾನೇ. ಸೋಂಕಿನ ಸೀಸೆಗೆ ಅದ್ದಿದ ಕೊಳವೆಯನ್ನೇ ಇದಕ್ಕೂ ಅದ್ದಿರಬೇಕು. ಚಳಿಗಾಲಕ್ಕೆ ಮೊದಲೇ ನನ್ನ ಬಲಗೈ ನಡುಗಲು ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ, ನಿನಗೂ. ಮಾಟೆ ಚಹಾ ಕುಡಿಯುವಾಗ ಬಟ್ಟಲು ಅಲುಗಿದರೆ ನಕ್ಕು ಬಿಡುತ್ತೇನೆ. ಕೈ ಹೋದ ಮೇಲೆ ಈ ಕೆಲಸದಲ್ಲಿ ನನಗೆ ಏನು ಉಳಿಯಿತು? ಸಮೂದಿಯೊಗೆ ಗೊತ್ತಾದರೆ ಕುರ್ಚಿ ಕೊಟ್ಟು ಗೌರವದಿಂದ ಕೂರಿಸುತ್ತಾರೆ. ಅದಕ್ಕಿಂತ ಬೈಗುಳ ವಾಸಿ.

ಒಂದು ಮಾತ್ರ ನನಗೆ ಬಗೆಹರಿಯಲಿಲ್ಲ. ಮಿರ್ತಾಳ ಮಗಳ ರಕ್ತದ ಸೀರಂ ಕುಡಿಸಿದ ಸೀಸೆಗಳು ಅಷ್ಟೂ ಸ್ವಚ್ಛವಾಗಿವೆ. ಕೆಟ್ಟಿರುವುದು ನಮ್ಮ ಕರುವಿನ ರಕ್ತದ ಸೀರಂ ಕುಡಿದವು ಮಾತ್ರ, ಅವು ಅಷ್ಟೂ ಕೆಟ್ಟಿವೆ. ನನ್ನ ಕೈ ಆ ಒಂದು ಸಾಲಿನಲ್ಲಿ ಮಾತ್ರ ನಡುಗಿತೇ? ಅವತ್ತು ನಿನ್ನ ಹೆರಿಗೆಯ ಖುಷಿಯಲ್ಲಿ ಮೈಮರೆತಿದ್ದೆನೋ ಏನೋ.

ಗಾಜುಚೂರುಗಳನ್ನು ನಾಳೆ ಎಸೆಯುತ್ತೇನೆ. ಯಾರಿಗೂ ಹೇಳಬೇಡ.

ಅಲ್ಲ, ಕರು ಹೇಗಿದ್ದಾನೆ? ನಿನ್ನ ಕಡೆಯ ಕಾಗದದಲ್ಲಿ ಅವನ ಬಗ್ಗೆ ಬರೆದದ್ದು ಸರಿಯಾಗಿ ಓದಲೇ ಇಲ್ಲ ಅನ್ನಿಸುತ್ತಿದೆ. ಕಾಗದ ಎಲ್ಲೋ ಇಟ್ಟೆ, ಸಿಗುತ್ತಿಲ್ಲ.

ಎ.


ಕೊಮೊದೊರೊ ರಿವಾದಾವಿಯಾ, ಆಸ್ಪತ್ರೆ
14 ಜೂನ್ 1989

ಎರ್ಸಿಲಿಯಾ,

ಈಗ ಬೆಳಗಿನ ಜಾವ ನಾಲ್ಕು ಗಂಟೆ. ಮಕ್ಕಳ ವಾರ್ಡಿನಲ್ಲಿ ಆಮ್ಲಜನಕದ ಉರುಳೆ ಎಳೆದುಕೊಂಡು ಹೋದರು, ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದಿಗೆ ಎದ್ದೆ. ನಮಗೆ ತಂದದ್ದಲ್ಲ, ಪಕ್ಕದ ಮಂಚಕ್ಕೆ. ನಾವು ಐದು ದಿನದಿಂದ ಇಲ್ಲಿದ್ದೇವೆ. ನಿನಗೆ ಬರೆದಿರಲಿಲ್ಲ. ಜ್ವರವಿರುವುದನ್ನೂ ಬರೆದಿರಲಿಲ್ಲ, ಮೈ ಬೆಚ್ಚಗೆ ಎಂದಷ್ಟೇ ಬರೆದೆ. ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸಿತ್ತು.

ನಿನ್ನ ಕಾಗದವನ್ನು ದಾರ್ದೊ ನಿನ್ನೆ ಸಂಜೆ ಮನೆಯಿಂದ ತಂದುಕೊಟ್ಟ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಓದಿದೆ. ಗಾಜುಚೂರುಗಳನ್ನು ಎಸೆಯಬೇಡ. ಎಸೆದಿದ್ದರೆ ಹುಡುಕು.

ನಿನ್ನ ಕೈ ನಡುಗಿಲ್ಲ. ನಡುಗಿದ್ದರೆ ಎರಡು ಸಾಲುಗಳಲ್ಲೂ ಅಲ್ಲೊಂದು ಇಲ್ಲೊಂದು ಕೆಡುತ್ತಿತ್ತು. ಒಂದೇ ಸಾಲು, ಒಂದೂ ಬಿಡದೆ ಕೆಟ್ಟಿದೆ. ಸೋಂಕು ಬಂದದ್ದು ಕೊಳವೆಯಿಂದಲ್ಲ, ಊಟದಿಂದ. ಗರಣೆ ಕಟ್ಟಿದ ರಕ್ತದಿಂದ ಪರೋಪಜೀವಿ ಈಜಿಕೊಂಡು ಸೀರಂಗೆ ಬರುತ್ತದೆಂದು ನನಗೆ ಕಲಿಸಿದವಳು ನೀನೇ. ಶೋಧಿಸುವ ಹಾಳೆ ಕಾಲುಚೀಲದ ಹಾಗಾಗಿತ್ತೆಂದು ಬರೆದವಳೂ ನೀನೇ. ಆ ಸೀಸೆಯಲ್ಲಿದ್ದದ್ದು ಹೊಕ್ಕುಳಬಳ್ಳಿಯ ರಕ್ತ. ನನ್ನದಲ್ಲ ಎರ್ಸಿಲಿಯಾ, ಅವನದು. ನಾವಿಬ್ಬರೂ ಎರಡು ತಿಂಗಳು ಸಾಬೂನು, ಬಿರಡೆ, ಕರೆಂಟು ಎಂದು ಪತ್ರ ಬರೆದುಕೊಂಡೆವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು.

ಅವನಿಗೆ ಬಂದಿದ್ದರೆ ನನ್ನಿಂದಲೇ ಬಂದಿರಬೇಕು. ನನಗೆ ಎಲ್ಲಿಂದ ಎಂದು ಕೇಳುತ್ತೀಯ. ಹೆರಿಗೆಗೆ ಸೇರಿಕೊಂಡಾಗ ಆಸ್ಪತ್ರೆಯ ಗುಮಾಸ್ತೆ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಾ ಕೇಳಿದ್ದಳು, "ಯಾವತ್ತಾದ್ರೂ ರಾಂಚೊದಲ್ಲಿ ವಾಸ ಮಾಡಿದ್ರಾ?" "ಇಲ್ಲ" ಅಂದೆ. ಸುಳ್ಳಲ್ಲ. ಸಾಂತಿಯಾಗೊದ ಉಪ್ಪುಬಯಲಿನಂಚಿನಲ್ಲಿ ನಾನು ಹುಟ್ಟಿದ ಜಾಗವನ್ನು ನಾವು ಮನೆ ಎನ್ನುತ್ತಿದ್ದೆವು. ಅಮ್ಮ ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದಳು, ಬಾಗಿಲಿಗೆ ಜೆರೇನಿಯಂ ಇತ್ತು. ಗೋಡೆ ಮಣ್ಣಿನದು, ಮೇಲೆ ಹುಲ್ಲು, ಗೋಡೆಯಾಚೆ ಕೋಳಿಗೂಡು. ಆ ಬಿರುಕುಗಳಿಂದ ಚಾಗಸ್ ಹರಡುವ ವಿಂಚೂಕಾ ತಿಗಣೆ ಇಳಿದು ಬರುತ್ತಿತ್ತು, ಅಮ್ಮ ಅದನ್ನು ಚಪ್ಪಲಿಯಲ್ಲಿ ಹೊಡೆಯುತ್ತಿದ್ದಳು. ಆದರೆ ರಾಂಚೊ? ರಾಂಚೊ ಅಂದರೆ ಕೊಳಕರ ಗುಡಿಸಲು, ನದಿಯಾಚೆಯವರದು. ಅವರನ್ನು ಕೇಳಿದ್ದರೆ ಅವರೂ ಇಲ್ಲ ಎನ್ನುತ್ತಿದ್ದರು. ತನ್ನ ಮನೆಯನ್ನು ಯಾರು ರಾಂಚೊ ಎನ್ನುತ್ತಾರೆ? ಅವಳು ಇಲ್ಲ ಎಂದು ಬರೆದುಕೊಂಡಳು, ನನ್ನ ರಕ್ತ ಪರೀಕ್ಷೆ ಮಾಡಲಿಲ್ಲ. ನಾವೂ ಮಾಡಲಿಲ್ಲ. ಲ್ಯಾಬಿನಲ್ಲಿ ಸ್ವಂತ ರಕ್ತ ನೋಡಿಕೊಂಡವರು ಯಾರಿದ್ದಾರೆ ಹೇಳು? ಸೋಂಕು ಇದೆಯೆಂದು ಗೊತ್ತಾದರೆ ಯಾರೂ ಕೆಲಸ ಕೊಡುವುದಿಲ್ಲ ಎಂದು ನೋಡದಿರುವುದೇ ಅಭ್ಯಾಸವಾಗಿತ್ತು.

ಈಗ ಇಲ್ಲಿಯದು ಕೇಳು. ಮಗುವಿನ ಗುಲ್ಮ, ಯಕೃತ್ತು ಎರಡೂ ಊದಿವೆ, ರಕ್ತ ಕಡಿಮೆಯಾಗುತ್ತಿದೆ, ಮೈಮೇಲೆ ನೇರಳೆ ಚುಕ್ಕೆಗಳು. ದೇಹವೇ ತನ್ನ ರಕ್ತವನ್ನು ತಿನ್ನುತ್ತಿದೆ ಎಂದು ಡಾಕ್ಟರ್ ಫಿಸ್ಟರ್ ಲೆಕ್ಕಹಾಕಿದ್ದಾರೆ. ಕಾರ್ಟಿಸೋನ್ ಶುರುಮಾಡಬೇಕೆಂದಿದ್ದಾರೆ. ಅದೇ ರೋಗವಾಗಿದ್ದರೆ ಅದು ಸರಿಯಾದ ಮದ್ದು. ಆದರೆ ಒಳಗಿರುವುದು ಪರೋಪಜೀವಿಯಾದರೆ ಕಾರ್ಟಿಸೋನ್ ಕಾವಲುಗಾರನನ್ನು ಮಲಗಿಸಿ ಬಾಗಿಲು ತೆರೆದ ಹಾಗೆ. ಆಮೇಲೆ ಈ ಸಣ್ಣ ಹೃದಯದಲ್ಲಿ ಏನಾಗುತ್ತದೆಂದು ನಿನಗೆ ಅಂಕಿಸಮೇತ ಗೊತ್ತು. ನನಗೂ ಗೊತ್ತು. ಅದಕ್ಕೇ ನಿದ್ದೆ ಇಲ್ಲ, ಓದಿದ್ದಕ್ಕಲ್ಲ.

ನಿನ್ನೆ ರಾತ್ರಿಯೇ ಅವರನ್ನು ಕಾರಿಡಾರಿನಲ್ಲಿ ಹಿಡಿದುಕೊಂಡೆ.

"ಚಾಗಸ್ಸಾ? ಈ ಚಳೀಲಾ? ಸೆನ್ಯೋರಾ, ಇಲ್ಲಿ ನೊಣ ಕೂಡ ಸ್ವೆಟರ್ ಹಾಕ್ಕೊಂಡು ಬರುತ್ತೆ."

"ತಿಗಣೆ ಕಚ್ಚಿದ್ದು ನನಗೆ ಡಾಕ್ಟರ್, ಅವನಿಗಲ್ಲ. ಹೊಟ್ಟೇಲಿದ್ದಾಗ ಬಂದಿದೆ."

"ಯಾರು ಹೇಳಿದ್ದು?"

"ಇಲಿಯ ಹೃದಯ."

ಅವರು ನಗಲಿಲ್ಲ. ದಾರ್ದೊ ನನ್ನ ತೋಳು ಹಿಡಿದು, "ನೊಯೆಮಿ, ಸಾಕು ಬಾ, ಅವರ ಕೆಲಸ ಅವ್ರು ಮಾಡ್ಲಿ. ನೀನು ನಿದ್ದೆಗೆಟ್ಟು ಏನೇನೋ ಆಡ್ತಿದೀಯ" ಎಂದ. ಅವನ ಕಣ್ಣೂ ಕೆಂಪಗಿತ್ತು.

ನಾನು ಸುಮ್ಮನಿರಲಿಲ್ಲ. ಡೆಲ್ಮಿರಾಳನ್ನು ಎಬ್ಬಿಸಿ ಶಾಲೆಯ ಸೂಕ್ಷ್ಮದರ್ಶಕ ತರಿಸಿದೆ. ಮಕ್ಕಳಿಗೆ ಈರುಳ್ಳಿ ಸಿಪ್ಪೆ ತೋರಿಸುವಂಥದ್ದು, ಮಸೂರದಲ್ಲಿ ಗೀರು. ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ನಡುವೆ ಇಟ್ಟೆ. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕಡೆ ಕೆಂಪುಕಣಗಳು ಅಲುಗಿದವು, ಯಾರೋ ಗುಂಪಿನಲ್ಲಿ ಭುಜ ತಾಗಿಸಿಕೊಂಡು ಹೋದ ಹಾಗೆ. ಡೆಲ್ಮಿರಾಳನ್ನು ಕರೆಯುವಷ್ಟರಲ್ಲಿ ಇರಲಿಲ್ಲ. ಕಂಡೆನೋ, ಕಂಡಂತಾಯಿತೋ. ನನ್ನ ಕಣ್ಣನ್ನು ಈಗ ನಾನೇ ನಂಬುವುದಿಲ್ಲ. ಡಾಕ್ಟರಿಗೆ ಹೇಳಿದೆ. ಅವರು ಮೆತ್ತಗೆ ಹೇಳಿದರು: "ತಾಯಿಗೆ ಹೆದರಿಕೆ ಇದ್ರೆ ಅದೇ ಕಾಣ್ಸುತ್ತೆ. ನಮ್ಮಲ್ಲಿ ಆ ಪರೀಕ್ಷೆ ಮಾಡೋರಿಲ್ಲ, ರಾಜಧಾನಿಗೆ ಕಳ್ಸಿದ್ರೆ ವಾರಗಟ್ಟಲೆ ಆಗುತ್ತೆ. ಮಗು ರಕ್ತ ಅಷ್ಟು ದಿನ ಕಾಯಲ್ಲ. ಒಂದು ದಿನ ಕಾಯ್ತೀನಿ. ನಿಮ್ಮ ಕೊರ್ದೊಬಾದ ಡಾಕ್ಟರಮ್ಮ ನೋಡಿ ನನಗೇ ಹೇಳ್ಲಿ. ನಾಡಿದ್ದು ಬೆಳಿಗ್ಗೆ ನಾನು ಬರೋದ್ರೊಳಗೆ ಸುದ್ದಿ ಇಲ್ಲ ಅಂದ್ರೆ ಶುರು ಮಾಡ್ತೀನಿ."

ಅವರು ನಾಡಿದ್ದು ಎಂದದ್ದು ನಿನ್ನೆ ರಾತ್ರಿ. ಅಂದರೆ ನಾಳೆ, ಹದಿನೈದರ ಬೆಳಿಗ್ಗೆ.

ಡೆಲ್ಮಿರಾಳ ತಮ್ಮ ಒಸ್ಮಾರ್ ವಿಮಾನದಲ್ಲಿ ಕೆಲಸಕ್ಕಿದ್ದಾನೆ. ಇವತ್ತು ಮಧ್ಯಾಹ್ನ ಹೊರಟರೆ ಸಂಜೆಗೆ ಕೊರ್ದೊಬಾ. ಈ ಕಾಗದವನ್ನೂ ಇದರ ಜೊತೆಯ ಕೊಳವೆಯನ್ನೂ ನಿನ್ನ ಕೈಗೇ ಕೊಡಲು ಹೇಳಿದ್ದೇನೆ. ನೀನು ಮನೆಯಲ್ಲಿರದಿದ್ದರೆ ಲ್ಯಾಬಿಗೆ ಬರುತ್ತಾನೆ. ಕೊಳವೆಯಲ್ಲಿರುವುದು ಲೌತಾರೊನ ರಕ್ತ, ಹೆಪ್ಪುಗಟ್ಟದಂತೆ ಮದ್ದು ಬೆರೆಸಿದ್ದೇನೆ. ತಣ್ಣಗಾಗದಿರಲಿ ಎಂದು ದಾರ್ದೊನ ಉಣ್ಣೆಯ ಕಾಲುಚೀಲದಲ್ಲಿ ಸುತ್ತಿದೆ. ಇಷ್ಟು ತೆಗೆಯುವುದಕ್ಕೇ ಅವನ ತೋಳಿನಲ್ಲಿ ನಾಳ ಸಿಗಲು ತಡವಾಯಿತು, ಅಳಲೂ ಅವನಿಗೆ ಶಕ್ತಿಯಿರಲಿಲ್ಲ. ಇನ್ನೊಂದು ಸಲ ಕೇಳಬೇಡ.

ಸಣ್ಣ ಕೊಳವೆಗೆ ಹಾಕಿ ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸು. ಕೆಂಪು ಮತ್ತು ತಿಳಿ ಸೇರುವ ಗಡಿಯನ್ನು ನೋಡು. ಹೇಗೆ ನೋಡಬೇಕೆಂದು ನಿನಗೆ ನಾನು ಹೇಳಿಕೊಡುವುದೇ! ಕೈ ನಡುಗಿದರೆ ಕೊಳವೆಯನ್ನು ಆ ಹುಡುಗಿ ಹಿಡಿಯಲಿ. ನನಗೆ ಬೇಕಾಗಿರುವುದು ನಿನ್ನ ಕಣ್ಣು. ಒಂದೇ ಒಂದು ಅಲುಗಿದರೂ ಸಾಕು. ಇದೇ ರೋಗವಾದರೆ ಈ ವಯಸ್ಸಿನಲ್ಲಿ ಮದ್ದು ಹಿಡಿಯುತ್ತದೆ, ಪೂರ್ತಿ ವಾಸಿಯಾಗುತ್ತದೆ, ನನ್ನಲ್ಲಿ ಉಳಿದಂತೆ ಮೈಯಲ್ಲೇ ಉಳಿದುಬಿಡುವುದಿಲ್ಲ. ಇಂಥ ಕಡೆ ನಿಂತು ತಾಯಿಯೊಬ್ಬಳು ಮಗನಿಗೆ ಚಾಗಸ್ ಇರಲಿ ಎಂದು ಬೇಡುತ್ತಿದ್ದಾಳೆ. ಬೇರೆ ಏನು ಬೇಡಬೇಕೋ ಗೊತ್ತಾಗುತ್ತಿಲ್ಲ.

ಸಮೂದಿಯೊಗೆ ಏನಾದರೂ ಹೇಳು, ಬೇಕಾದರೆ ನನ್ನ ಹೆಸರು ಹೇಳು. ನಿನ್ನ ಬೀದಿಮೂಲೆಯ ದೂರವಾಣಿ ಕಚೇರಿ ರಾತ್ರಿಯಿಡೀ ತೆರೆದಿರುತ್ತದೆ. ವಾರ್ಡಿನ ಸಂಖ್ಯೆಯನ್ನು ಲಕೋಟೆಯ ಹಿಂದೆ ದೊಡ್ಡದಾಗಿ ಬರೆದಿದ್ದೇನೆ, ರಾತ್ರಿ ಪಾಳಿಯ ದಾದಿಗೂ ಹೇಳಿಟ್ಟಿದ್ದೇನೆ. ನಾನು ಫೋನಿನ ಪಕ್ಕದ ಬೆಂಚಿನಲ್ಲೇ ಮಗುವನ್ನು ಎತ್ತಿಕೊಂಡು ಕೂತಿರುತ್ತೇನೆ. ಕಂಡರೆ ಕಂಡಿತೆಂದು ಹೇಳು, ಕಾಣದಿದ್ದರೆ ಕಾಣಲಿಲ್ಲವೆಂದು ಹೇಳು. ನನ್ನ ಮನಸ್ಸು ನೋಯಬಾರದೆಂದು ಏನನ್ನೂ ಮುಚ್ಚಿಡಬೇಡ. ನಾವಿಬ್ಬರೂ ಸಾಕಷ್ಟು ಮುಚ್ಚಿಟ್ಟಾಯಿತು. ಸಾಲಿನಲ್ಲಿ ಕಾಯಿಸಿದರೆ ಜಗಳವಾಡು, ಲೈನು ಸಿಗದಿದ್ದರೆ ಮತ್ತೆ ಮಾಡು, ಆಚೆಯಿಂದ ಗುಂಯ್ ಎಂದರೂ ಇಡಬೇಡ. ಬೆಳಗಾಗುವುದರೊಳಗೆ ಫೋನ್ ಮಾಡು ಎರ್ಸಿಲಿಯಾ, ಅವರು ಸೂಜಿ ಹಿಡಿದು ಬರುವುದರೊಳಗೆ, ದಯವಿಟ್ಟು ಫೋನ್ ಮಾಡು.